ಸದ್ದಿಲ್ಲದೆ ಬಾಗಿಲು ತೆಗೆಯುವವನು

ಸಪ್ಪಲಮ್ಮ ಎದೆ ಬಡಿದುಕೊಳ್ಳುತ್ತಾ ಅಂಗಳಕ್ಕೆ ನುಗ್ಗಿದಾಗ ಪಿಳ್ಳಪ್ಪ ಬಾಗಿಲಿನ ಬುಡದಲ್ಲಿ ಅಂಗಾತ ಮಲಗಿದ್ದ. ಅವನ ಕೈಯಲ್ಲಿ ಹರಳೆಣ್ಣೆಯ ಕುಡಿಕೆ ಇತ್ತು, ಆದರೆ ಅದು ಅವಳಿಗೆ ಕಾಣಲಿಲ್ಲ. ಕಂಡದ್ದು ಎರಡು ಪಾದಗಳು ಮಾತ್ರ. ಹೆಬ್ಬೆರಳುಗಳು ಆಕಾಶ ನೋಡುತ್ತಿದ್ದವು. ನಿಂಗೇನು ಹೋಗೋ ವಯಸ್ಸಾ ನನ್ನಪ್ಪ ಎಂದು ಅವಳು ಆ ಪಾದಗಳ ಮೇಲೆ ಬಿದ್ದು ಹಾಡಿಕೊಂಡು ಅಳತೊಡಗಿದಳು. ಹಿಂದೆ ಬಂದ ಏಳೆಂಟು ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಪಿಳ್ಳಪ್ಪನ ಧಾರಾಳತನ, ಅವನ ನಡಿಗೆಯ ಗತ್ತು, ಅವನು ಒಮ್ಮೆ ಅವಳ ಎಮ್ಮೆಯನ್ನು ಕೆರೆಯಿಂದ ಎಳೆದು ಹಾಕಿದ್ದು, ಎಲ್ಲವೂ ಆ ಹಾಡಿನಲ್ಲಿ ಬಂದವು. ನಲವತ್ತೆರಡು ವರ್ಷ ಬದುಕಿದ್ದಾಗ ಈ ಮಾತುಗಳನ್ನು ಅವನು ಯಾರ ಬಾಯಲ್ಲೂ ಕೇಳಿರಲಿಲ್ಲ. ಆದ್ದರಿಂದ ಇನ್ನೂ ನಾಲ್ಕು ಕೇಳೋಣವೆಂದು ಸ್ವಲ್ಪ ಹೊತ್ತು ಹಾಗೆಯೇ ಮಲಗಿದ್ದ. ಕೊನೆಗೆ ಎಣ್ಣೆ ಕಣ್ಣಿಗೆ ತೊಟ್ಟಿಕ್ಕಿ ಎದ್ದು ಕೂತ.

ಸಪ್ಪಲಮ್ಮನ ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ. "ಬದುಕಿದ್ದೀಯಾ?" ಎಂದು ಕೇಳಿದಳು. "ಒಲೆ ಆರಿಸಿ ಬಂದಿದ್ದೀನಿ ಕಣೋ. ಎಸರಿಗೆ ಹಾಕಿದ್ದ ಹಿಟ್ಟು ಹಂಗೇ ಗಂಟು ಕಟ್ಕಂತು. ಇದು ಮೂರನೇ ದಿನ."

ನಂದಗುಡಿಯಿಂದ ಎರಡು ಮೈಲಿ ಒಳಗಿದ್ದ ಆ ಊರಿನಲ್ಲಿ ಯಾರಾದರೂ ತೀರಿಕೊಂಡರೆ ತಿಮ್ಮದಾಸಯ್ಯ ಆ ಮನೆಯ ಮುಂದೆ ನಿಂತು ಶಂಖ ಊದುತ್ತಿದ್ದ. ಶಂಖ ಕೇಳಿಸಿದ ಬೀದಿಯಲ್ಲಿ ಒಲೆಗಳು ಆರಬೇಕು. ಹೆಣ ಎತ್ತುವವರೆಗೆ ಯಾರೂ ತುತ್ತು ಮುಟ್ಟಬಾರದು. ಎತ್ತಿದ ಮೇಲೆ ತಲೆಗೆ ನೀರು ಹಾಕಿಕೊಂಡು ಉಣ್ಣಬೇಕು. ಪಿಳ್ಳಪ್ಪನ ಹೊಸ ಬಾಗಿಲು ಶಂಖವಾಗಿರಲಿಲ್ಲ ನಿಜ, ಆದರೆ ಅದನ್ನು ತೆಗೆದಾಗ ಹೊರಡುತ್ತಿದ್ದ ಸದ್ದಿಗೂ ತಿಮ್ಮದಾಸಯ್ಯನ ಶಂಖಕ್ಕೂ ವ್ಯತ್ಯಾಸ ಹೇಳಬಲ್ಲವನು ಊರಿನಲ್ಲಿ ಒಬ್ಬನೇ ಇದ್ದ. ಅವನು ತಿಮ್ಮದಾಸಯ್ಯ. ಬಾಗಿಲಿನ ಉಸಿರು ತನ್ನದಕ್ಕಿಂತ ಉದ್ದ ಎಂದು ಅವನು ಕೊಂಚ ಬೇಸರದಿಂದಲೇ ಒಪ್ಪಿಕೊಂಡಿದ್ದ.

ಈ ಬಾಗಿಲಿಗೆ ಮೂಲ ಕಾರಣ ಜರ್ಮನಿ. ಯುದ್ಧದಲ್ಲಿ ಸೈನಿಕರು ವಿಮಾನದಿಂದ ಕೆಳಗೆ ಹಾರುವ ಕೊಡೆಗೆ ರೇಷ್ಮೆ ಬೇಕಾಗಿ, ಹಿಪ್ಪುನೇರಳೆ ಬೆಳೆದವರ ಮನೆಗೆಲ್ಲ ಎಂದೂ ಕಾಣದ ಹಣ ಬಂತು. ಹಿಂದಿನ ವರ್ಷದ ಗೂಡಿನ ಬೆಳೆ ಮಾರಿದ ಪಿಳ್ಳಪ್ಪ ಹೊಸಕೋಟೆಯಲ್ಲಿ ಒಬ್ಬ ಕಂಟ್ರಾಕ್ಟರನಿಂದ ಹಳೆಯ ಮೋಟಾರೊಂದನ್ನು ಕೊಂಡ. ಪೆಟ್ರೋಲು ಯಾರಿಗೂ ಸಿಗುತ್ತಿರಲಿಲ್ಲ, ಪಿಳ್ಳಪ್ಪನಿಗೆ ಮೋಟಾರು ಬಿಡುವುದೂ ಬರುತ್ತಿರಲಿಲ್ಲ. ಎರಡು ಜೊತೆ ಎತ್ತು ಕಟ್ಟಿ ಎಳೆಸಿಕೊಂಡು ಬಂದ. ಇಂಜಿನ್ನಿಗೆ ದಿನಾ ಬೆಳಿಗ್ಗೆ ಒಂದು ಗಳಿಗೆ ಗಾಳಿ ಕಾಣಿಸದಿದ್ದರೆ ಎದೆ ಕಟ್ಟುತ್ತದೆ ಎಂದು ಮಾರಿದವನು ಹೇಳಿದ್ದನ್ನು ಅವನು ವೈದ್ಯರ ಮಾತಿನಂತೆ ಪಾಲಿಸುತ್ತಿದ್ದ. ಬಯಲಲ್ಲೇ ನಿಲ್ಲಿಸಿಬಿಡೋಣವೆಂದರೆ ರಬ್ಬರು ಚಪ್ಪಲಿಯ ಆಸೆಗೆ ಟೈರು ಕುಯ್ಯುವವರ ಕಾಟ. ಹಾಗಾಗಿ ಮನೆಯ ಪಕ್ಕಕ್ಕೆ ಶೆಡ್ಡು ಕಟ್ಟಿಸಿ, ಹರಾಜಿನಲ್ಲಿ ಬಂದ ಹಳೆಯ ಉಗ್ರಾಣದ ಒಂಟಿ ಬಾಗಿಲನ್ನು ಅದಕ್ಕೆ ಕೂರಿಸಿದ. ಆನೆ ಹೊಡೆದರೂ ಮುರಿಯದ ಹಲಗೆ. ಕಬ್ಬಿಣವೆಲ್ಲ ಯುದ್ಧಕ್ಕೆ ಹೋಗಿ ಕೀಲು ಸಿಗದಿದ್ದರಿಂದ ಬಾಗಿಲಿನ ಕೆಳಗಿನ ಮರದ ಗೂಟವನ್ನು ಕಲ್ಲಿನ ಕುಳಿಯಲ್ಲಿ ನಿಲ್ಲಿಸಿದ್ದರು. ಆ ಗೂಟ ಆ ಕುಳಿಯಲ್ಲಿ ತಿರುಗುವಾಗಲೇ ಶಂಖ ಕೂಗುತ್ತಿದ್ದದ್ದು.

ಬೀದಿಯವರು ಬೈದರೆ ಪಿಳ್ಳಪ್ಪ ತಡೆದುಕೊಳ್ಳುತ್ತಿದ್ದ. ತಡೆಯಲಾಗದ ಸಂಗತಿ ಶೆಡ್ಡಿನ ಗೋಡೆಯ ಆಚೆ ಮಲಗಿತ್ತು. ಅವನ ತಾಯಿ ಅಕ್ಕಯಮ್ಮ, ಎಪ್ಪತ್ತೈದು ದಾಟಿ ಕಣ್ಣು ಮಂಜಾಗಿ, ಎರಡು ವರ್ಷದಿಂದ ಹಾಸಿಗೆಯಲ್ಲೇ ಇದ್ದಳು. ಕಿವಿ ಮಾತ್ರ ಹದಿನಾರರದು. ಮನೆಯ ಉಳಿದ ಎರಡು ಕೋಣೆಗಳಲ್ಲಿ ನೆಲದಿಂದ ಮಾಡಿನವರೆಗೆ ರೇಷ್ಮೆ ಹುಳುವಿನ ತಟ್ಟೆಗಳಿದ್ದುದರಿಂದ ಅವಳನ್ನು ಬೇರೆಡೆ ಮಲಗಿಸುವ ಹಾಗಿರಲಿಲ್ಲ. ಬಾಗಿಲು ಮೊದಲ ಸಲ ಕೂಗಿದ ದಿನ ಅವಳು ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಇಟ್ಟಳು. ಅಂದಿನಿಂದ ನೀರು ಬಿಟ್ಟರೆ ಏನನ್ನೂ ಮುಟ್ಟಿರಲಿಲ್ಲ.

"ಯಾರ್ಲಾ ಹೋಗಿದ್ದು?" ಎಂದು ಕೇಳಿದಳು.

"ಯಾರೂ ಇಲ್ಲವ್ವ. ಅದು ಮೋಟಾರಿನ ಬಾಗಿಲು."

"ನನ್ ತಮ್ಮ ಸತ್ತಾಗಲೂ ಯಾರೂ ಇಲ್ಲ ಅಂದಿದ್ದೆ. ದಾಸಯ್ಯ ಶನಿವಾರದ ಭಿಕ್ಷಕ್ಕೆ ಬಂದವ್ನೆ ಅಂದಿದ್ದೆ."

ಪಿಳ್ಳಪ್ಪ ತಲೆ ತಗ್ಗಿಸಿದ. ಎರಡು ವರ್ಷದ ಹಿಂದೆ ಮಾವ ತೀರಿಕೊಂಡಾಗ, ಗೊತ್ತಾದರೆ ಅವ್ವ ಊಟ ಬಿಡುತ್ತಾಳೆಂದು ಇಡೀ ಬೀದಿ ಸೇರಿ ಮೂರು ತಿಂಗಳು ಮುಚ್ಚಿಟ್ಟಿತ್ತು. ಹಾಸಿಗೆ ಹಿಡಿದವರಿಗೆ ಸಾವಿನ ಸುದ್ದಿ ಹೇಳುವವರುಂಟೇ. ಮೂರು ತಿಂಗಳೂ ಅವನು ದಿನಾ ಮಾವನ ಯೋಗಕ್ಷೇಮವನ್ನು ಬಾಯಿಗೆ ಬಂದಂತೆ ಹೇಳುತ್ತಿದ್ದ. ಒಮ್ಮೆ ಉತ್ಸಾಹ ಹೆಚ್ಚಾಗಿ ಮಾವ ಹೊಸ ಹಸು ಕೊಂಡ ಎಂದೂ ಹೇಳಿಬಿಟ್ಟಿದ್ದ. ಕೊನೆಗೆ ತಿಳಿದಾಗ ಅಕ್ಕಯಮ್ಮ ಅಳಲಿಲ್ಲ, ಆ ಹಸು ಏನಾಯ್ತು ಎಂದಷ್ಟೇ ಕೇಳಿದಳು.

ಈಗ ಅವಳು ಬೆರಳು ಮಡಚಿ ಲೆಕ್ಕ ಹೇಳಿದಳು. ಮೂರು ದಿನಕ್ಕೆ ಮೂರು ಶಂಖ. ಒಂದು ಹೆಣವನ್ನಾದರೂ ಎತ್ತಿದ ಸದ್ದು ತನಗೆ ಕೇಳಲಿಲ್ಲ. ಹೆಣ ಬೀದಿಯಲ್ಲಿಟ್ಟುಕೊಂಡು ಈ ಊರಿನವರು ಯಾವಾಗಿನಿಂದ ಉಣ್ಣಲು ಕಲಿತರು?

ಮೋಟಾರು ಮಾರಿಬಿಡು ಎಂದು ಹೆಂಡತಿ ಅನುಸೂಯಮ್ಮ ಹೇಳಿದಳು. ಅದೊಂದು ದಾರಿಯೂ ಇದೆ ಎಂಬುದು ಪಿಳ್ಳಪ್ಪನ ತಲೆಗೆ ಹೋಗಲಿಲ್ಲ. ಸದ್ದು ಬಾಗಿಲಿನದು, ಮೋಟಾರಿನದಲ್ಲ ಎಂದು ಅವಳಿಗೆ ವಿವರಿಸಿದ. ಅದೇ ಹೊತ್ತಿಗೆ ರೈತರು ಸರ್ಕಾರಕ್ಕೆ ಕೊಡಲೇಬೇಕಾದ ರಾಗಿ ಲೆವಿಯ ವಸೂಲಿಗೆಂದು ಊರಿಗೆ ಬಂದಿದ್ದ ಕಂದಾಯದ ಶೇಕದಾರರು ಮೋಟಾರು ನೋಡಲು ಬಂದರು. ಬಾಗಿಲು ತೆಗೆದೊಡನೆ ಮೊದಲು ಟೋಪಿ ತೆಗೆದು ಎದೆಗೆ ಹಿಡಿದರು, ಆಮೇಲೆ ವಿಷಯ ತಿಳಿದು ಹಾಕಿಕೊಂಡರು. ಅಷ್ಟರಲ್ಲಿ ನಾಲ್ಕನೆಯ ಶಂಖ ಕೂಗಿಯಾಗಿತ್ತು.

"ಏನಪ್ಪಾ ಪಿಳ್ಳಪ್ಪ," ಎಂದರು, "ಎಣ್ಣೆ ಹಾಕೋದ್ರಿಂದ ಆಗೋ ಕೆಲಸ ಅಲ್ಲ ಇದು. ಬಾಗಿಲು ತೆಗೆಯೋಕೆ ಅಂತಲೇ ಒಬ್ಬ ಆಳು ಇಟ್ಕೋ. ನಂಬಿಕಸ್ಥ ಆಗಿರಬೇಕು, ಸದ್ದು ಮಾಡಬಾರದು. ಬೆಂಗಳೂರಲ್ಲಿ ದೊಡ್ಡ ಮನುಷ್ಯರ ಬಂಗಲೆಗಳಲ್ಲೆಲ್ಲ ಹಾಗೇ."

ಬೆಂಗಳೂರಿನ ದೊಡ್ಡ ಮನುಷ್ಯರು ಎಂಬ ಮಾತು ಪಿಳ್ಳಪ್ಪನಿಗೆ ಹಿಡಿಸಿತು. ಅಂದೇ ಮಧ್ಯಾಹ್ನ ಅಂಗಳದಲ್ಲಿ ಪರೀಕ್ಷೆ ಏರ್ಪಟ್ಟಿತು. ಸೂಲಿಬೆಲೆಯ ಪೈಲ್ವಾನ್ ರಾಮಾಂಜಿನಪ್ಪ ಮೊದಲು ಬಂದ. ತೊಡೆ ತಟ್ಟಿ ಒಂದೇ ಏಟಿಗೆ ಬಾಗಿಲನ್ನು ತಳ್ಳಿದ. ಸದ್ದು ಒಂದೇ ಕ್ಷಣ ಬಂತು, ಆದರೆ ಎಷ್ಟು ಜೋರಾಗಿತ್ತೆಂದರೆ ಪಕ್ಕದ ಊರಿನಿಂದ ಇಬ್ಬರು ಹೂವಿನ ಹಾರ ಹಿಡಿದುಕೊಂಡು ಬಂದರು. ಆಮೇಲೆ ಗುಡಿಯ ಪೂಜಾರಿ. ಅವನು ಮೃದು ಸ್ವಭಾವದವನು, ದೇವರನ್ನು ಎಬ್ಬಿಸುವ ಹಾಗೆ ಬೆರಳ ತುದಿಯಿಂದ ಬಾಗಿಲನ್ನು ನೂಕಿದ. ಅರ್ಧ ಗಂಟೆಯವರೆಗೆ ಒಂದೇ ಸಮನೆ ಶಂಖ ಊದಿತು. ಇಷ್ಟು ದೊಡ್ಡ ಸಾವು ಈ ಸೀಮೆಯಲ್ಲಿ ಆಗಿರಲಿಲ್ಲವೆಂದು ಮುದುಕರು ಆಡಿಕೊಂಡರು. ಗೋಡೆಯ ಆಚೆ ಅಕ್ಕಯಮ್ಮ ಇನ್ನೊಂದು ಬೆರಳು ಮಡಚಿದಳೋ ಎರಡು ಮಡಚಿದಳೋ, ಹೋಗಿ ಕೇಳಲು ಪಿಳ್ಳಪ್ಪನಿಗೆ ಧೈರ್ಯವಾಗಲಿಲ್ಲ.

ಎಲ್ಲರೂ ಹೊರಟ ಮೇಲೆ ದೊಡ್ಡಬೀರಪ್ಪ ಮುಂದೆ ಬಂದ. ಕುರಿ ಕಾಯುತ್ತಿದ್ದ ಒಂಟಿ ಮುದುಕ. ಮಿಲಿಟರಿಗೆ ಮಾಂಸ ಒದಗಿಸುವವರು ಮಂದೆಯನ್ನೆಲ್ಲ ಕೊಂಡುಹೋದ ಮೇಲೆ ಕಾಯುವುದಕ್ಕೆ ಏನೂ ಉಳಿಯದೆ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಬಾಗಿಲಿನ ಅಡ್ಡಪಟ್ಟಿಯ ಕೆಳಗೆ ಬೆನ್ನು ಕೊಟ್ಟು, ಹಳ್ಳಕ್ಕೆ ಬಿದ್ದ ಟಗರನ್ನು ಎತ್ತುವ ಹಾಗೆ ಇಡೀ ಹಲಗೆಯನ್ನು ಎರಡು ಬೆರಳು ಮೇಲಕ್ಕೆ ಎತ್ತಿದ. ಗೂಟ ಕಲ್ಲನ್ನು ಬಿಟ್ಟಿತು. ಹಾಗೇ ನಾಲ್ಕು ಹೆಜ್ಜೆ ನಡೆದು ಇಳಿಸಿದ. ಮೋಟಾರಿನ ಮೇಲೆ ನಿದ್ದೆ ಮಾಡುತ್ತಿದ್ದ ಕೋಳಿ ಕೂಡ ಕಣ್ಣು ತೆರೆಯಲಿಲ್ಲ.

ಬಾಗಿಲಿನ ಸಮಸ್ಯೆ ಬಗೆಹರಿಯಿತು. ಆದರೆ ಊದಿಹೋದ ಶಂಖಗಳು ಹಾಗೆಯೇ ಉಳಿದಿದ್ದವು. ನಾಲ್ಕನೆಯ ದಿನ ಅಕ್ಕಯಮ್ಮನ ಮಾತು ತೊದಲತೊಡಗಿತು. ಹೆಣ ಎತ್ತಲಿ, ಉಣ್ಣುತ್ತೇನೆ ಎಂಬ ಒಂದೇ ಮಾತು. ಹಾಗಾದರೆ ಎತ್ತಲೇಬೇಕು ಎಂದ ತಿಮ್ಮದಾಸಯ್ಯ. ಅವನ ವೃತ್ತಿಯಲ್ಲಿ ಇದಕ್ಕೆ ಬೇರೆ ಮದ್ದಿರಲಿಲ್ಲ. ಆದರೆ ಯಾರ ಹೆಣ? ಕಿಟಕಿಯ ಕೆಳಗೆ ಅತ್ತು ಕರೆದು ಒಂದು ಹೆಸರು ಹೇಳದಿದ್ದರೆ ಮುದುಕಿ ನಂಬುವವಳಲ್ಲ. ಪಿಳ್ಳಪ್ಪ ಬೀದಿಯ ಒಂದೊಂದೇ ಮನೆಗೆ ಹೋಗಿ, ನಿಮ್ಮಲ್ಲಿ ಯಾರಾದರೂ ಒಬ್ಬರು ಎರಡು ದಿನದ ಮಟ್ಟಿಗೆ ಸತ್ತಂತೆ ಹೇಳಿಸಿಕೊಳ್ಳಬಹುದೇ ಎಂದು ವಿನಯದಿಂದ ಕೇಳಿದ. ಮೊದಲ ಮನೆಯಲ್ಲಿ ಚಪ್ಪಲಿ ಬಂತು, ಎರಡನೆಯ ಮನೆಯಲ್ಲಿ ಒನಕೆ. ಸಪ್ಪಲಮ್ಮ ಮಾತ್ರ ಸ್ವಲ್ಪ ಯೋಚಿಸಿ ತನ್ನ ಗಂಡನ ಹೆಸರು ಹೇಳಿದಳು. ಗಂಡ ಒಪ್ಪಲಿಲ್ಲ.

ಕೊನೆಗೆ ದೊಡ್ಡಬೀರಪ್ಪನೇ ಬಾಯಿ ಬಿಟ್ಟ. "ನನ್ ಹೆಸ್ರು ಹೇಳ್ರಪ್ಪ. ನಿಜವಾಗ್ಲೂ ಸತ್ತಾಗ ಯಾರು ಅಳ್ತಾರೋ ನಂಗೆ ಗೊತ್ತಾಗಕ್ಕಿಲ್ಲ. ಈಗಾದ್ರೆ ಕೇಳಿಸ್ಕಂಡೇನು." ಅವನು ಕೇಳಿದ್ದು ಒಂದೇ. ಮೋಟಾರಿನಲ್ಲಿ ಕೂರಿಸಿಕೊಂಡು ಒಂದು ಸಲ ನಂದಗುಡಿಯವರೆಗೆ ಕರೆದುಕೊಂಡು ಹೋಗಬೇಕು. ಪೆಟ್ರೋಲು ಬಂದ ದಿನವೇ ಹೋಗೋಣ ಎಂದು ಪಿಳ್ಳಪ್ಪ ಅವನ ಕೈ ಹಿಡಿದು ಹೇಳಿದ.

ಬರಿ ಚಟ್ಟ ಹೊತ್ತರೆ ಅದು ನಿಜವಾದ ಹೆಣವನ್ನು ಕೇಳುತ್ತದೆ ಎಂದು ಹೊರುವವರು ಹೆದರಿದ್ದರಿಂದ, ಅದರ ಮೇಲೆ ಒಂದು ರಾಗಿ ಮೂಟೆ ಕಟ್ಟಿ ಬಿಳಿ ಬಟ್ಟೆ ಹೊದಿಸಿದರು. ಶಂಖ, ಜಾಗಟೆ, ತಮಟೆ ಎಲ್ಲ ಕಿಟಕಿಯ ಮುಂದೆ ಮೊಳಗಿದವು. ಸಪ್ಪಲಮ್ಮ ಪಿಳ್ಳಪ್ಪನಿಗೆಂದು ಹಾಡಿದ್ದನ್ನೇ ಹೆಸರು ಬದಲಿಸಿ ಇನ್ನೂ ಚೆನ್ನಾಗಿ ಹಾಡಿದಳು. ಪಿಳ್ಳಪ್ಪ ಒಳಗೆ ತಾಯಿಯ ಪಕ್ಕ ಕೂತು, ಬೀರಪ್ಪನ ಉಸಿರು ದಿನಗಟ್ಟಲೆ ಹೋಗುತ್ತಾ ಬರುತ್ತಾ ಇದ್ದುದರಿಂದ ದಾಸಯ್ಯ ಆತುರಪಟ್ಟು ಮತ್ತೆ ಮತ್ತೆ ಊದಿಬಿಟ್ಟನೆಂದು ಹೇಳಿದ. ಅದು ತಾನು ಹೇಳಿದ ಸುಳ್ಳುಗಳಲ್ಲೆಲ್ಲ ಅಚ್ಚುಕಟ್ಟಾದದ್ದೆಂದು ಅವನಿಗೇ ಅನ್ನಿಸಿತು. ಅಕ್ಕಯಮ್ಮ ನಿಜವಾಗಿ ಅತ್ತಳು. ಪಿಳ್ಳಪ್ಪ ಕೂಸಾಗಿದ್ದಾಗ ತನಗೆ ಹಾಲು ಬತ್ತಿದ ವರ್ಷ, ಬೀರಪ್ಪ ದಿನಾ ಮುಂಜಾನೆ ಒಂದು ಲೋಟ ಆಡಿನ ಹಾಲು ತಂದು ಹೊಸಿಲ ಮೇಲಿಟ್ಟು ಹೋಗುತ್ತಿದ್ದನೆಂದು ಹೇಳಿಕೊಂಡು ಅತ್ತಳು. ಪಿಳ್ಳಪ್ಪನಿಗೆ ಅದು ಗೊತ್ತೇ ಇರಲಿಲ್ಲ. ಕಿಟಕಿಯ ಹೊರಗೆ ಗೋಡೆಗೆ ಒರಗಿ ಕೂತಿದ್ದ ದೊಡ್ಡಬೀರಪ್ಪ ತಲೆವಸ್ತ್ರವನ್ನು ಬಾಯಿಗೆ ಒತ್ತಿಕೊಂಡ.

ಮೆರವಣಿಗೆ ಊರ ಬಾಗಿಲು ದಾಟಿದಾಗ ಎದುರಿಗೆ ಶೇಕದಾರರು ಸೈಕಲ್ ನಿಲ್ಲಿಸಿಕೊಂಡು ಟೋಪಿ ತೆಗೆದು ನಿಂತಿದ್ದರು. ಹೆಣದ ಮೂಲೆಯಿಂದ ರಾಗಿ ಸುರಿಯುತ್ತಿರುವುದು ಅವರ ಕಣ್ಣಿಗೆ ಬಿತ್ತು. ಟೋಪಿ ಹಾಕಿಕೊಂಡು, ಬಟ್ಟೆ ಸರಿಸಿ ನೋಡಿ, ಹೆಣವನ್ನು ಸರ್ಕಾರದ ಲೆವಿಗೆ ಸೇರಿಸಿಕೊಂಡರು. ಹೊತ್ತವರು ಅದನ್ನು ಅವರ ಬಿಡಾರದವರೆಗೂ ಹೊತ್ತುಕೊಂಡು ಹೋಗಬೇಕಾಯಿತು. ಪಿಳ್ಳಪ್ಪ ಅದಕ್ಕೆ ಚಿಂತಿಸಲಿಲ್ಲ. ಮನೆಯಲ್ಲಿ ಅಕ್ಕಯಮ್ಮ ತಲೆಯ ಮೇಲೆ ಎರಡು ತಂಬಿಗೆ ನೀರು ಹಾಕಿಸಿಕೊಂಡು, ಒಂದು ಬಟ್ಟಲು ಗಂಜಿ ಕುಡಿದು, ಇನ್ನೊಂದನ್ನು ಕೇಳಿದ್ದಳು.

ಅಂದಿನಿಂದ ನಾಲ್ಕು ತಿಂಗಳು ಶೆಡ್ಡಿನ ಬಾಗಿಲು ಊರಿನಲ್ಲೇ ಅತ್ಯಂತ ಸದ್ದಿಲ್ಲದ ಬಾಗಿಲಾಗಿತ್ತು. ಬೆಳಗಾದರೆ ದೊಡ್ಡಬೀರಪ್ಪ ಬಂದು ಎತ್ತಿ ತೆಗೆಯುತ್ತಿದ್ದ, ಮೋಟಾರಿಗೆ ಗಾಳಿ ಕಾಣಿಸಿ ಎತ್ತಿ ಮುಚ್ಚುತ್ತಿದ್ದ. ನೋಡಲು ಬಂದ ನೆಂಟರಿಗೆ ಪಿಳ್ಳಪ್ಪ ಮೋಟಾರಿಗಿಂತ ಮೊದಲು ಬಾಗಿಲು ತೆಗೆಯುವವನನ್ನೇ ತೋರಿಸುತ್ತಿದ್ದ. ಒಂದು ದಿನವೂ ತಪ್ಪಿಸಿದವನಲ್ಲ, ಒಂದು ಮಾತೂ ಆಡಿದವನಲ್ಲ, ಸತ್ತಮೇಲೆ ಇನ್ನೂ ಸುಧಾರಿಸಿದ್ದಾನೆ ಎಂದು ಹೊಗಳುತ್ತಿದ್ದ. ನಂದಗುಡಿಯ ಮಾತನ್ನು ಬೀರಪ್ಪ ಎತ್ತಲಿಲ್ಲ. ಒಮ್ಮೊಮ್ಮೆ ಮೋಟಾರಿನ ಸೀಟಿನ ಮೇಲೆ ಕೈಯಾಡಿಸಿ ಪಿಳ್ಳಪ್ಪನ ಮುಖ ನೋಡುತ್ತಿದ್ದ. ಪೆಟ್ರೋಲು ಬರಲಿ ಎಂದು ಪಿಳ್ಳಪ್ಪ ಹೇಳುತ್ತಿದ್ದ.

ತೊಂದರೆಯಿದ್ದದ್ದು ಒಂದೇ, ಮುದುಕನ ಕೆಮ್ಮು. ಆಷಾಢದ ಗಾಳಿ ಶುರುವಾದ ಮೇಲೆ ಅದು ಜೋರಾಯಿತು. ಒಂದು ದಿನ ಗೋಡೆಯ ಆಚೆಯಿಂದ ಅಕ್ಕಯಮ್ಮ, ಬೀರಪ್ಪನ ಜೀವಕ್ಕೆ ಇನ್ನೂ ನೆಮ್ಮದಿ ಸಿಕ್ಕಿಲ್ಲ, ಶೆಡ್ಡಿನಲ್ಲಿ ಕೆಮ್ಮುತ್ತದೆ ಎಂದಳು. ಅಂದು ಸಂಜೆ ಪಿಳ್ಳಪ್ಪ ಬೀರಪ್ಪನನ್ನು ದೂರ ಕರೆದುಕೊಂಡು ಹೋಗಿ, ಅವ್ವನಿಗೆ ಗೊತ್ತಾದರೆ ಮತ್ತೆ ಅನ್ನ ಬಿಡುತ್ತಾಳೆ, ಶೆಡ್ಡಿನಲ್ಲಿದ್ದಷ್ಟು ಹೊತ್ತು ಹೇಗಾದರೂ ಮಾಡಿ ತಡೆದುಕೊ ಎಂದು ಬೇಡಿಕೊಂಡ. ಆಗಲಿ ಎಂದು ಮುದುಕ ತಲೆಯಾಡಿಸಿದ. ಮರುದಿನದಿಂದ ಕೆಮ್ಮು ಕೇಳಲಿಲ್ಲ. ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡೇ ಅವನು ಬಾಗಿಲು ಎತ್ತುತ್ತಿದ್ದ.

ಶ್ರಾವಣದ ಎರಡನೆಯ ಸೋಮವಾರ, ಬೆಳಗಿನ ಗಾಳಿಯ ಹೊತ್ತು ಮೀರಿದರೂ ಬಾಗಿಲು ಮುಚ್ಚದಿದ್ದುದನ್ನು ಕಂಡು ಪಿಳ್ಳಪ್ಪ ಶೆಡ್ಡಿಗೆ ಹೋದ. ಬಾಗಿಲು ಮೊಳದಷ್ಟು ತೆರೆದು ನಿಂತಿತ್ತು. ದೊಡ್ಡಬೀರಪ್ಪ ಮೋಟಾರಿನ ಒಳಗೆ, ಎರಡೂ ಕೈಯಲ್ಲಿ ಚಕ್ರ ಹಿಡಿದುಕೊಂಡು, ನಂದಗುಡಿಯ ಕಡೆಗೆ ಮುಖ ಮಾಡಿ ಕೂತಿದ್ದ. ಬಾಯಲ್ಲಿ ತಲೆವಸ್ತ್ರ ಇತ್ತು. ಮೈ ತಣ್ಣಗಾಗಿತ್ತು. ಸ್ವಲ್ಪವೂ ಸದ್ದು ಮಾಡಿರಲಿಲ್ಲ.

ಪಿಳ್ಳಪ್ಪ ಆ ಬಟ್ಟೆಯನ್ನು ತೆಗೆದು ಮಡಚಿ ತನ್ನ ಜೇಬಿಗೆ ಇಟ್ಟುಕೊಂಡ. ಊರಿನವರ ಹತ್ತಿರ ಅದರ ಮಾತೆತ್ತಲಿಲ್ಲ. ಚಟ್ಟ ಬೇಡ, ಮೋಟಾರಿನಲ್ಲೇ ಕರೆದುಕೊಂಡು ಹೋಗೋಣ ಎಂದ. ಊರಿನವರು ತಳ್ಳಲು ಒಪ್ಪಿದರು. ಮೋಟಾರು ಹೊರಗೆ ಬರಬೇಕಾದರೆ ಬಾಗಿಲು ಪೂರ್ತಿ ತೆರೆಯಬೇಕು. ಅದನ್ನು ಎತ್ತಿ ತೆಗೆಯಬಲ್ಲವನು ಒಳಗೆ ಕೂತಿದ್ದ. ಆರು ಜನ ಸೇರಿ ನೂಕಿದಾಗ ನಾಲ್ಕು ತಿಂಗಳಿನಿಂದ ಬಾಯಿ ಮುಚ್ಚಿಕೊಂಡಿದ್ದ ಬಾಗಿಲು ಊರಾಚೆಯ ಕೆರೆಯವರೆಗೂ ಕೇಳುವಂತೆ ಕೂಗಿತು. ಅದು ನಿಂತ ಮೇಲೆ ತಿಮ್ಮದಾಸಯ್ಯ ತನ್ನ ಶಂಖ ಊದಿದ. ಸಪ್ಪಲಮ್ಮ ಹಾಡಲು ಬಾಯಿ ತೆರೆದಳು, ಆದರೆ ಹೇಳಬೇಕಾದದ್ದನ್ನೆಲ್ಲ ಚೈತ್ರದಲ್ಲೇ ಹೇಳಿ ಮುಗಿಸಿದ್ದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ಮೋಟಾರನ್ನು ನಂದಗುಡಿಯವರೆಗೆ ಒಯ್ಯುವುದು ಆಗಲಿಲ್ಲ. ಊರ ಕಲ್ಲಿನ ಹತ್ತಿರ ಕೆಸರಿನಲ್ಲಿ ಚಕ್ರ ಹೂತಿತು. ಅಲ್ಲೇ ಪಕ್ಕದ ದಿಬ್ಬದಲ್ಲಿ ಮಣ್ಣು ಮಾಡಿದರು.

ಪಿಳ್ಳಪ್ಪ ನೆನೆದ ಬಟ್ಟೆಯಲ್ಲೇ ತಾಯಿಯ ಕೋಣೆಗೆ ಬಂದ. ಅನುಸೂಯಮ್ಮ ಬಿಸಿ ಗಂಜಿಯ ಬಟ್ಟಲು ಹಿಡಿದು ಹಿಂದೆ ನಿಂತಿದ್ದಳು.

"ಅವ್ವ, ಹೆಣ ಎತ್ತಾಯ್ತು. ತಲೆಗೆ ನೀರು ಹಾಕ್ತೀವಿ. ಗಂಜಿ ಕುಡಿ."

"ಯಾರ ಹೆಣ?"

ಜೀವಮಾನದಲ್ಲಿ ಮೊದಲ ಸಲ ಪಿಳ್ಳಪ್ಪ ಅವಳಿಗೆ ಒಂದು ಸಾವನ್ನು ಇದ್ದದ್ದು ಇದ್ದ ಹಾಗೆ ಹೇಳಿದ. "ದೊಡ್ಡಬೀರಪ್ಪಂದು."

ಅಕ್ಕಯಮ್ಮ ಮಂಜುಗಣ್ಣನ್ನು ಅವನ ದನಿ ಬಂದ ಕಡೆಗೆ ತಿರುಗಿಸಿದಳು. "ಅವನ್ನ ಚೈತ್ರದಲ್ಲೇ ಎತ್ತಿದ್ರಲ್ಲ. ನಾನು ಅತ್ತಿದ್ದೀನಿ. ತಲೆಗೆ ನೀರು ಹಾಕ್ಕಂಡಿದ್ದೀನಿ."

ಪಿಳ್ಳಪ್ಪ ಎಲ್ಲವನ್ನೂ ಹೇಳಿದ. ರಾಗಿ ಮೂಟೆ, ಶೇಕದಾರರು, ಶೆಡ್ಡಿನ ಕೆಮ್ಮು, ಒಂದನ್ನೂ ಬಿಡಲಿಲ್ಲ. ಹೇಳುತ್ತಾ ಹೋದಂತೆ ಅದು ಮಾವನ ಹಸುವಿಗಿಂತ ದೊಡ್ಡ ಸುಳ್ಳಿನಂತೆ ಅವನ ಕಿವಿಗೇ ಕೇಳತೊಡಗಿತು. ಸಾಕ್ಷಿಗೆ ಸಪ್ಪಲಮ್ಮನನ್ನು ಕರೆದ. ಅವಳು ದೇವರ ಮೇಲೆ ಆಣೆ ಇಟ್ಟು ಹೌದೆಂದಳು. ಚೈತ್ರದಲ್ಲೂ ಅವಳು ಅದೇ ದೇವರ ಮೇಲೆ ಆಣೆ ಇಟ್ಟಿದ್ದಳು. ತಿಮ್ಮದಾಸಯ್ಯ ಬಾಗಿಲಲ್ಲಿ ನಿಂತು ಕೆಮ್ಮಿದ.

"ಆಗ್ಲಿ ಬಿಡು," ಎಂದಳು ಅಕ್ಕಯಮ್ಮ. "ಒಂದು ಶಂಖ ಅವನದೇ ಅಂತ ಇಟ್ಕಳನ. ಎರಡು ಊದಿದ್ರಲ್ಲ. ಇನ್ನೊಂದು ಯಾರದು?"

"ಅದು ಬಾಗಿಲವ್ವ. ಮೋಟಾರಿನ ಬಾಗಿಲು."

ಅವಳು ಕೈ ಚಾಚಿ ಅವನ ಒದ್ದೆ ತಲೆಯನ್ನು ಹುಡುಕಿ ಸವರಿದಳು. ಚಿಕ್ಕಂದಿನಲ್ಲಿ ಅವನು ಬಿದ್ದು ಬಂದಾಗ ಸವರುತ್ತಿದ್ದ ಹಾಗೆಯೇ.

"ನಂಗೋಸ್ಕರ ಹೇಳ್ತಿದ್ದೀಯ, ಗೊತ್ತು ಕಣ್ ಮಗ. ಇನ್ನೊಂದು ನಂದು. ನಂದು ಇನ್ನೂ ಎತ್ತಿಲ್ಲ."

ಅನುಸೂಯಮ್ಮ ಬಟ್ಟಲನ್ನು ಅವಳ ತುಟಿಯ ಹತ್ತಿರ ಹಿಡಿದಳು. ಅಕ್ಕಯಮ್ಮ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು.

"ಬ್ಯಾಡ. ತಗಂಡೋಗು."